ಅಪ್ಪನ ಎರಡನೇ ಸಾಲು

ನನಗೆ ಅನುಮಾನ ಹೆಚ್ಚು. ಹಾಲಿನವಳು ಅಳೆದು ಹಾಕಿದ ಮೇಲೂ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುವವಳು ನಾನು. ಆದರೆ ನಲವತ್ತೆಂಟರ ಆ ಬೇಸಿಗೆಯಲ್ಲಿ ಅನುಮಾನ ಇಲ್ಲದವರು ನಮ್ಮ ಸೀಮೆಯಲ್ಲಿ ಯಾರಿದ್ದರು? ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಹೈದರಾಬಾದ್ ಸಂಸ್ಥಾನಕ್ಕೆ ಬಂದಿರಲಿಲ್ಲ. ಬಂದೂಕು ಹಿಡಿದ ನಿಜಾಮನ ಕಡೆಯವರು ಊರೂರು ತಿರುಗುತ್ತಿದ್ದರು. ಖಜೂರಿ, ಹಿರೋಳ್ಳಿಯ ಕಡೆಯವರು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟುತ್ತಿದ್ದರು. ಕ್ರೈಸ್ತರಾದ ನಮ್ಮನ್ನು ಈ ಕಡೆಯವರು ಆ ಕಡೆಯವರೆಂದೂ ಆ ಕಡೆಯವರು ಈ ಕಡೆಯವರೆಂದೂ ತಿಳಿಯುತ್ತಿದ್ದರು. ಬಾವಿಗೆ ಹೋದರೂ ಯಾರಾದರೂ ನೋಡುತ್ತಿದ್ದಾರೇನೋ ಎಂದು ಹಿಂತಿರುಗಿ ನೋಡಬೇಕಿತ್ತು.

ನನ್ನನ್ನು ಕೊಟ್ಟದ್ದು ಅಫಜಲಪುರಕ್ಕೆ. ತವರು ಭೀಮೆಯ ಆಚೆ, ಜೇವರ್ಗಿ ತಾಲ್ಲೂಕಿನ ನೆಲೋಗಿಯ ಹತ್ತಿರ. ಅಪ್ಪನಿಗೆ ಎದೆನೋವು ಹೆಚ್ಚಾಗಿ, "ನಿನ್ನ ಪಾಲು ಬಂದು ತಗೊಂಡು ಹೋಗು" ಎಂದು ಹೇಳಿ ಕಳಿಸಿದ. ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ದೋಣಿ ಹತ್ತಿದೆ. ನಮಗಿದ್ದದ್ದು ಒಂದೇ ತುಂಡು ಎರೆಹೊಲ. ಅಣ್ಣ ಆಳಂದದಲ್ಲಿ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಹೊಲ ಅವನೊಬ್ಬನಿಗೇ ಹೋಗುತ್ತದೆಂದು ನಾನು ಅಷ್ಟು ದಿನ ಒಳಗೊಳಗೇ ಕುದಿದಿದ್ದೆ.

ಅಪ್ಪನಿಗೆ ಓದು ಬರಹ ಇರಲಿಲ್ಲ, ಹಾಡುಗಳಿದ್ದವು. ನಮ್ಮ ಓಣಿಯಲ್ಲಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡ ನನ್ನ ಅಜ್ಜ ಕಟ್ಟಿದವು. ಯೇಸುವಿನ ಹಾಡುಗಳೇ, ಆದರೆ ಧಾಟಿ ತತ್ವಪದದ್ದು, ಕೈಯಲ್ಲಿ ಏಕತಾರಿ. ಯಾರಾದರೂ ತೀರಿಕೊಂಡರೆ ಕಲಬುರಗಿಯಿಂದ ಪಾದ್ರಿ ಬರುವಷ್ಟರಲ್ಲಿ ದಿನ ಕಳೆದಿರುತ್ತಿತ್ತು. ಹಾಗಾಗಿ ಮಣ್ಣಿನ ಹಾಡು ಅಪ್ಪನೇ ಹಾಡುತ್ತಿದ್ದ. "ಕದಾ ತೆಗಿಯೋ ತಂದಿ, ಬಂದೇನಿ ಬರಿಗೈಲಿ" ಎಂಬ ಮೊದಲ ಸಾಲನ್ನು ನೆರೆದವರೆಲ್ಲ ಕೂಡಿ ಹಾಡುತ್ತಿದ್ದರು. ಎರಡನೇ ಸಾಲು ಒಳಗಿನಿಂದ ದೇವರು ಕೊಡುವ ಜವಾಬು. ಅದನ್ನು ಅಪ್ಪ ಒಬ್ಬನೇ ಗುಂಡಿಯೊಳಕ್ಕೆ ಬಗ್ಗಿ, ಸತ್ತವರ ಕಿವಿಗಷ್ಟೇ ಕೇಳುವಂತೆ ಹಾಡುತ್ತಿದ್ದ. ಅಜ್ಜನ ಕಾಲದಿಂದಲೂ ಹಾಗೇ. ಮೇಲೆ ನಿಂತವರು ಯಾರೂ ಅದನ್ನು ಕೇಳಿದ್ದಿಲ್ಲ.

ನಾನು ಹೋದಾಗ ಅಣ್ಣನೂ ಬಂದಿದ್ದ. ಆಳಂದದ ಅರ್ಜಿ ಬರೆಯುವವನ ಕೈಲಿ ಬರೆಸಿದ ಹೊಲದ ಕಾಗದವೊಂದನ್ನು ತಂದಿದ್ದ. ಅಪ್ಪನ ಹೆಬ್ಬೆಟ್ಟೂ ಬಿದ್ದಿತ್ತು. ಪೂರ್ತಿ ಉರ್ದು. ನಮ್ಮ ಮನೆಯಲ್ಲಿ ಯಾರಿಗೂ ಓದಲು ಬಾರದು.

"ಏನು ಬರಸೀದಿ ಇದರಾಗ?" ಎಂದೆ.

"ಅಪ್ಪ ಹೇಳಿದ್ದ ಬರಸೇನಿ. ಇಬ್ಬರ ಹೆಸರೂ ಅದ" ಎಂದ ಅಣ್ಣ.

ಇಬ್ಬರ ಹೆಸರು! ನಮ್ಮ ಕಡೆ ಯಾವ ಮನೆಯಲ್ಲಿ ಹೆಣ್ಣುಮಗಳ ಹೆಸರು ಹೊಲದ ಕಾಗದಕ್ಕೆ ಬಂದಿತ್ತು? ಅಷ್ಟರಲ್ಲಿ ಅಪ್ಪ ನನ್ನನ್ನು ತಾನು ಮಲಗಿದ್ದ ಹೊರಸಿನ ಹತ್ತಿರ ಕರೆದ.

"ಹೊಲದ್ದು ಬಿಡು ಯವ್ವಾ, ಅದು ಮಣ್ಣು. ನಿನಗ ದೊಡ್ಡ ಪಾಲು ಬ್ಯಾರೆ ಅದ. ಹಾಡೆಲ್ಲಾ ನಿನಗ ಕೊಡ್ತೇನಿ. ಒಂದು ತಿಂಗಳು ಇರು."

ಆಗಲೇ ನನಗೆ ಖಾತ್ರಿಯಾಯಿತು. ಮೂಗಿಗೆ ತುಪ್ಪ ಸವರುತ್ತಿದ್ದಾರೆ. ಗಂಡುಮಗನಿಗೆ ಹೊಲ, ಹೆಣ್ಣುಮಗಳಿಗೆ ಪರಲೋಕ. ಸಿಟ್ಟು ತಡೆಯಲಾಗಲಿಲ್ಲ.

"ಅಷ್ಟು ದೊಡ್ಡ ಪಾಲು ಇದ್ರ ಅಣ್ಣಗ ಯಾಕ ಕೊಡವಲ್ಲಿ ಅಪ್ಪಾ?"

"ಅವನಿಗಿ ರಾಗ ನಿಲ್ಲಂಗಿಲ್ಲ. ನಿನ್ನ ನೆನಪು ಗಟ್ಟಿ ಅದ. ಹೆಣ್ಣಮಗಳು ಗುಂಡಿ ಹತ್ತಿರ ಹೋಗಿ ಹಾಡಬಾರದು ಅಂತಾರ, ಅನ್ಲಿ. ನಾ ನಿನಗೇ ಕೊಡಾಕತ್ತೇನಿ."

ಈಗ ಬರೆಯುವಾಗ ಆ ಮಾತಿನ ಬೆಲೆ ತಿಳಿಯುತ್ತದೆ. ತಲೆತಲಾಂತರದ ಕಟ್ಟನ್ನು ಮುರಿದು ತನ್ನಲ್ಲಿದ್ದ ಒಂದೇ ಸಂಪತ್ತನ್ನು ಅಪ್ಪ ಮಗಳ ಕೈಗಿಡುತ್ತಿದ್ದ. ಆಗ ನನಗೆ ತೋರಿದ್ದೇ ಬೇರೆ. ನಾನು ತಿಂಗಳುಗಟ್ಟಲೆ ಹಾಡು ಕಲಿಯುತ್ತ ಕೂತರೆ ಅಣ್ಣ ಕಚೇರಿಯಲ್ಲಿ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಬರುತ್ತಾನೆ. ಅದಕ್ಕೇ ಈ ಹೂಟ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಪ್ಪ ಮಣ್ಣಿನ ಹಾಡಿನಿಂದಲೇ ಶುರುಮಾಡಿದ. ಮೊದಲ ಸಾಲು ನನಗೆ ಬರುತ್ತಿತ್ತು, ಹೊಸ್ತಿಲಲ್ಲಿ ನಿಂತು ಕೇಳಿ ಬೆಳೆದವಳು. ಅದನ್ನು ಹಾಡಿಸಿ, ರಾಗ ಸರಿ ಇದೆಯೆಂದು ತಲೆಯಾಡಿಸಿ, "ಇನ್ನ ಜವಾಬು ಕೇಳು. ಹತ್ತಿರ ಬಾ" ಎಂದ. ಅಣ್ಣ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ನನ್ನ ಕಣ್ಣೆಲ್ಲ ಅವನ ಮೇಲೆ. ಕಾಗದ ಅವನ ಬಳಿ ಇದೆಯೋ ಪೆಟ್ಟಿಗೆಯಲ್ಲಿದೆಯೋ?

"ನಾಳಿ ಹೇಳು ಅಪ್ಪಾ" ಎಂದೆ.

"ಆಗಲಿ, ನಾಳಿ" ಎಂದ ಅಪ್ಪ. ಮುಖ ಸಣ್ಣದಾಯಿತು.

ಕಾಗದ ಪೆಟ್ಟಿಗೆಯಲ್ಲೇ ಇತ್ತು. ಅಪ್ಪ ಮಧ್ಯಾಹ್ನ ನಿದ್ದೆಹೋದಾಗ ತೆಗೆದು ಕುಪ್ಪಸದೊಳಗೆ ಇಟ್ಟುಕೊಂಡು ಹೊರಟೆ. ಕದ್ದೆ, ಬೇರೆ ಮಾತು ಯಾಕೆ? ಅತ್ತೆಗೆ ಹುಷಾರಿಲ್ಲವಂತೆ ಎಂದು ಓಣಿಯವರಿಗೆ ಹೇಳಿ ದೋಣಿಯ ದಾರಿ ಹಿಡಿದೆ.

ಅಫಜಲಪುರದಲ್ಲಿ ಅದನ್ನು ಓದಿಸುವುದೇ ದೊಡ್ಡ ಪಾಡಾಯಿತು. ಯಾರನ್ನು ನಂಬುವುದು? ಕೊನೆಗೆ ಪೇಟೆಯ ಮುದಿ ಮುನ್ಶಿಯೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನಿಧಾನ ಓದಿ, "ಅರ್ಧ ನಿಮ್ಮಣ್ಣಂದು, ಅರ್ಧ ನಿಮ್ದು ರೀ ಬಾಯಿ. ಬರೋಬರ್ ಬರಸ್ಯಾರ" ಎಂದರು. ನಂಬಲಿಲ್ಲ. ಶಾಲೆಯ ಉರ್ದು ಮಾಸ್ತರರ ಬಳಿ ಹೋದೆ, ಆಮೇಲೆ ಒಬ್ಬ ಅತ್ತರಿನ ವ್ಯಾಪಾರಿಯ ಬಳಿ. ಮೂವರೂ ಅದನ್ನೇ ಹೇಳಿದರು. ಮೂವರೂ ಕೂಡಿ ಸುಳ್ಳು ಹೇಳುತ್ತಿದ್ದಾರೋ ಎಂದು ಒಂದು ದಿನ ಪೂರ್ತಿ ಯೋಚಿಸಿದವಳು ನಾನು. ಆಮೇಲೆ ನಾಚಿಕೆ ಹತ್ತಿತು. ಅಪ್ಪ ನನಗೆ ಹೊಲವನ್ನೂ ಕೊಟ್ಟಿದ್ದ, ಹಾಡನ್ನೂ ಕೊಡಲು ಕರೆದಿದ್ದ.

ಅಷ್ಟು ಹೊತ್ತಿಗೆ ಮಳೆ ಶುರುವಾಗಿ ಭೀಮೆ ತುಂಬಿತ್ತು. ದೋಣಿ ನಿಂತಿತು. ನೀರಿಳಿದರೆ ಗಲಾಟೆ, ಗಲಾಟೆ ಇಳಿದರೆ ನೀರು. ದಂಡು ಬಂದು ನಿಜಾಮಶಾಹಿ ಮುಗಿದ ಸುದ್ದಿ ಕೇಳಿದ ಮೇಲೆಯೇ ನಾನು ನದಿ ದಾಟಿದ್ದು.

ಅಪ್ಪ ಬದುಕಿದ್ದ. ಆದರೆ ಲಕ್ವಾ ಹೊಡೆದು ಮಾತು ಬಿದ್ದುಹೋಗಿತ್ತು. ನನ್ನನ್ನು ಕಂಡು ಕಣ್ಣರಳಿಸಿದ. ಕಾಗದವನ್ನು ಅವನ ಕೈಗಿಟ್ಟು ಗೋಳೋ ಎಂದು ಅತ್ತೆ. ಅವನು ಅದನ್ನು ನೋಡಲೂ ಇಲ್ಲ, ಬದಿಗೆ ಸರಿಸಿ ನನ್ನ ಕಿವಿಯನ್ನು ಹತ್ತಿರ ಎಳೆದುಕೊಂಡ. ತುಟಿಗಳು ಆಡಿದವು, ಉಸಿರು ಬಂತು, ಶಬ್ದ ಬರಲಿಲ್ಲ. ಎರಡು ದಿನ ಹಾಗೇ ಪ್ರಯತ್ನಪಟ್ಟ. ಮೂರನೇ ದಿನ ಹೋಗಿಬಿಟ್ಟ.

ದಾರಿಗಳು ಇನ್ನೂ ಕೆಟ್ಟಿದ್ದವು, ಪಾದ್ರಿಯನ್ನು ಕರೆಸುವಂತಿರಲಿಲ್ಲ. ಗುಂಡಿಯ ಸುತ್ತ ಓಣಿಯವರು ನಿಂತು ಮೊದಲ ಸಾಲು ಹಾಡಿದರು. ನಾನೂ ಹಾಡಿದೆ. ಅದು ಮುಗಿಯಿತು. ಅಣ್ಣ ನನ್ನ ಕಡೆ ತಿರುಗಿದ.

"ಮುಂದಿಂದು ನಿನಗ ಕೊಟ್ಟಾನಲ್ಲ ಅಪ್ಪ? ಹಾಡಬೇ."

ಕೊಟ್ಟಿಲ್ಲ ಎನ್ನಲು ಬಾಯಿ ಬರಲಿಲ್ಲ. ಮೊಣಕಾಲೂರಿ ಗುಂಡಿಯೊಳಕ್ಕೆ ಬಗ್ಗಿದೆ. ಹಸಿ ಮಣ್ಣಿನ ವಾಸನೆ. ಬಿಳಿ ಬಟ್ಟೆಯೊಳಗಿನ ಅವನ ತಲೆಯ ಹತ್ತಿರ, ಅವನಿಗಷ್ಟೇ ಕೇಳುವಂತೆ, "ನಾ ಕಲೀಲಿಲ್ಲ ಅಪ್ಪಾ" ಎಂದೆ. ಅಷ್ಟೇ ಹೇಳಿ ಎದ್ದೆ.

ಅಣ್ಣ ಕಣ್ಣೊರೆಸಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟ. "ಹಾಡಿದಿಯಲ್ಲ, ಸಾಕು. ಅಪ್ಪನ ಪಾಲು ಉಳೀತು" ಎಂದ. ಅವನು ನನ್ನನ್ನು ಎಳ್ಳಷ್ಟೂ ಅನುಮಾನಿಸಲಿಲ್ಲ.