ಪಾಠಕ್ಕೆ ನಾನು ಸೇರಿಸಿದ ಚಿತ್ರ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಹೆಂಡತಿ ಇದ್ದಾಗ ಅವಳಿಗೂ ಹೇಳಲಿಲ್ಲ. ಈಗ ಕೈ ನಡುಗುತ್ತದೆ. ಇನ್ನೂ ತಡ ಮಾಡಿದರೆ ನನ್ನ ಅಕ್ಷರ ಯಾರಿಗೂ ತಿಳಿಯುವುದಿಲ್ಲ.

ಗಣಿಯ ಅಬ್ಬರದ ಕಾಲ. ಬಳ್ಳಾರಿಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕೋಣೆಯ ಅಟೆಂಡರ್. ಓದಿದ್ದು ಎಸ್ಸೆಸ್ಸೆಲ್ಸಿ, ನೌಕರಿ ಕಾಯಂ ಆಗಿರಲಿಲ್ಲ. ಕಾಲೇಜಿನ ಕಾರ್ಯದರ್ಶಿಗಳಿಗೆ ಅದಿರು ಸಾಗಿಸುವ ಲಾರಿಗಳಿದ್ದವು. ಅವರ ಜೀಪು ಗೇಟಿನೊಳಗೆ ಬಂದರೆ ಪ್ರಿನ್ಸಿಪಾಲರೂ ಎದ್ದು ನಿಲ್ಲುತ್ತಿದ್ದರು. ನಾನಂತೂ ಒರೆಸಿದ ಕಂಪ್ಯೂಟರನ್ನೇ ಮತ್ತೆ ಒರೆಸತೊಡಗುತ್ತಿದ್ದೆ.

ಆಗ ಭೂಗೋಳ ಕಲಿಸಲು ಒಬ್ಬ ಮೇಡಂ ಬಂದರು. ಅವರದೂ ಗುತ್ತಿಗೆ ನೌಕರಿಯೇ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು, ತಮ್ಮ ಊರಿಗೆ ತಕ್ಕಂತೆ ತಿದ್ದಿ ಕಲಿಸಬಹುದಾದ ಪಾಠಗಳು ಇಂಟರ್‌ನೆಟ್ಟಿನಲ್ಲಿವೆ ಎಂದು ನನಗೆ ಗೊತ್ತಾದದ್ದು ಅವರಿಂದ. ಬರೆದವರೇ ಹಾಗೆ ಅನುಮತಿ ಕೊಟ್ಟಿರುತ್ತಾರೆ. ಬರೆದವರ, ತಿದ್ದಿದವರ ಹೆಸರು ಮಾತ್ರ ಕೊನೆಯಲ್ಲಿ ಇರಬೇಕು. ಮೇಡಂ ಅಂಥ ಪಾಠಗಳನ್ನು ಕನ್ನಡಕ್ಕೆ ತಂದು ಸಿಡಿಗೆ ಹಾಕಿದರು. ರಜೆಯ ದಿನ ನಾವಿಬ್ಬರೂ ಬಸ್ಸು ಹತ್ತಿ ಸಿರುಗುಪ್ಪ, ಕುರುಗೋಡಿನ ಕಾಲೇಜುಗಳಿಗೆ ಹೋಗಿ ಅಲ್ಲಿನ ಅಧ್ಯಾಪಕರಿಗೆ ಅವನ್ನು ಬಳಸುವುದು ಹೇಗೆಂದು ತೋರಿಸುತ್ತಿದ್ದೆವು. ಪ್ರೊಜೆಕ್ಟರ್ ಹೊರುವುದು, ವೈರು ಜೋಡಿಸುವುದು ನನ್ನ ಪಾಲು.

ಸಿರುಗುಪ್ಪದ ಒಬ್ಬ ಮೇಷ್ಟ್ರು ನಕ್ಕರು. "ಪುಕ್ಕಟೆ ಅಂದ್ರ ನನಗ ಅನುಮಾನ ಬರ್ತೈತ್ರಿ ಮೇಡಂ. ನಿಮ್ಮ ಬಳ್ಳಾರ್ಯಾಗ ಧೂಳು ಒಂದಾ ಪುಕ್ಕಟೆ ಸಿಗೋದು."

"ಹಂಗಾದ್ರ ಆ ಧೂಳನ್ನೂ ಪಾಠಕ್ಕ ಹಾಕ್ರಿ ಸರ್. ನಿಮ್ಮ ಭತ್ತದ ಗದ್ದಿ ಹಾಕ್ರಿ. ತಿದ್ದಲಿ ಅಂತನಾ ಕೊಟ್ಟಾರ," ಎಂದರು ಮೇಡಂ.

ಆ ಮಾತು ನನಗೂ ಹಿಡಿಸಿತು. ಹಲಕುಂದಿ ಕಡೆಯ ರಸ್ತೆ ಪಕ್ಕದ ಹೊಲದಲ್ಲಿ ಅರಳಿದ ಹತ್ತಿಯೆಲ್ಲ ಅದಿರಿನ ಧೂಳಿಗೆ ಕೆಂಪಾಗಿ ನಿಂತದ್ದನ್ನು ಮಗನ ಮೊಬೈಲಿನಲ್ಲಿ ಹಿಡಿದಿದ್ದೆ. ಅದನ್ನು ಮಣ್ಣಿನ ಪಾಠಕ್ಕೆ ಸೇರಿಸಿದೆ. ಮೇಡಂಗೆ ಖುಷಿಯಾಯಿತು.

"ಚಾಚಾ, ಕೊನೀಗೆ ನಿಮ್ಮ ಹೆಸರು ಹಾಕ್ತೀನಿ."

"ಬ್ಯಾಡ್ರೀ ಮೇಡಂ. ಅಟೆಂಡರ್ ಹೆಸರು ನೋಡಿದ್ರ ಪಾಠದ ಮರ್ಯಾದಿ ಹೋಗ್ತೈತಿ."

"ಹಾಕ್ಲಿಲ್ಲಂದ್ರ ನಾನು ಕದ್ದಂಗ ಆಗ್ತೈತ್ರಿ."

ನಾನು ಕೈಮುಗಿದೆ. ಅವರು ಒಲ್ಲದ ಮನಸ್ಸಿನಿಂದ ತಮ್ಮ ಹೆಸರಷ್ಟೇ ಹಾಕಿದರು. ವಿನಯದಿಂದ ಬೇಡವೆಂದೆ ಎಂದು ಅವರು ತಿಳಿದರು. ಚಿತ್ರದ ಅಂಚಿನಲ್ಲಿ ಒಂದು ಲಾರಿಯಿತ್ತು. ಅದರ ಬಾಗಿಲ ಮೇಲೆ, ಕಾರ್ಯದರ್ಶಿಗಳ ಎಲ್ಲ ಲಾರಿಗಳ ಮೇಲಿರುತ್ತಿದ್ದ ಹುಲಿಯ ಮುಖ. ನಾನು ಅದನ್ನು ನೋಡಿದ್ದೆ, ಮೇಡಂ ನೋಡಿರಲಿಲ್ಲ. ಚಿತ್ರ ಬಿಡಲು ಮನಸ್ಸಾಗಲಿಲ್ಲ. ಹೆಸರು ಕೊಡಲು ಧೈರ್ಯವಾಗಲಿಲ್ಲ.

ಕುರುಗೋಡಿನಲ್ಲಿ ಆ ಪಾಠ ಗೋಡೆಯ ಮೇಲೆ ಮೂಡುತ್ತಲೇ ಹಿಂದಿನಿಂದ ಒಬ್ಬರು, "ಏ, ಇದು ನಿಮ್ಮ ಸಾಹೇಬ್ರ ಗಾಡಿ ಅಲ್ಲೇನ್ರಿ?" ಎಂದರು. ಎಲ್ಲರೂ ನಕ್ಕರು. ನಾನು ಬಗ್ಗಿ ವೈರು ಸರಿಪಡಿಸುವವನಂತೆ ಮಾಡಿದೆ. ವಾಪಸು ಬರುವಾಗ ಎದುರಾದ ಪ್ರತಿ ಲಾರಿಗೂ ನಾನು ಕಿಟಕಿಯಿಂದ ಮುಖ ತಿರುಗಿಸುತ್ತಿದ್ದೆ. ಮೇಡಂ ಶೇಂಗಾ ಸುಲಿದು ಕೊಟ್ಟರು, ಜೇಬಿಗೆ ಹಾಕಿಕೊಂಡೆ.

"ಹೆದರಬ್ಯಾಡ್ರಿ ಚಾಚಾ. ನಾಳಿ ಆ ಲಾರಿ ಕತ್ತರಿಸಿ ಹಾಕೋಣು," ಎಂದರು.

ಮರುದಿನ ನಾವು ಕಂಪ್ಯೂಟರ್ ಹಚ್ಚುವ ಮೊದಲೇ ಕಾರ್ಯದರ್ಶಿಗಳು ಕೋಣೆಗೆ ಬಂದರು. ಜೊತೆಗೆ ಬಂದ ಇಬ್ಬರು ಬಾಗಿಲಿಗೆ ಅಡ್ಡ ನಿಂತರು. ಕುರುಗೋಡಿನ ಮಾತು ಕಾರ್ಯದರ್ಶಿಗಳನ್ನು ತಲುಪಿತ್ತು. ಅವರು ಕೂಗಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಸ್ಟೂಲೆಳೆದು ಕೂತು ಮೆತ್ತಗೆ ಕೇಳಿದರು:

"ಚಾಚಾ, ನನ್ನ ಗಾಡಿ ಫೋಟೋ ಪಾಠದಾಗ ಹಾಕಿದವರು ಯಾರು?"

ಮೇಡಂ ನನ್ನ ಕಡೆ ನೋಡಿದರು. ನಾನೇ ಹೇಳಲಿ ಎಂದು ಕಾದರು. ಬಾಗಿಲಲ್ಲಿದ್ದವನೊಬ್ಬ ಕೀಲಿಗೊಂಚಲು ಆಡಿಸುತ್ತಿದ್ದ.

"ಪಾಠದ ಕೊನೀಗೆ ಹೆಸರು ಐತಲ್ರೀ ಸಾಹೇಬ್ರ," ಎಂದೆ.

ಕಾರ್ಯದರ್ಶಿಗಳು ಮೇಡಂ ಕಡೆ ತಿರುಗಿದರು. ಮೇಡಂ ನನ್ನಿಂದ ಕಣ್ಣು ತೆಗೆದು, "ಹೌದ್ರಿ, ನನ್ನ ಹೆಸರಾ ಐತಿ," ಎಂದರು.

ಅಂದೇ ಕಾರ್ಯದರ್ಶಿಗಳು ಮೇಡಂಗೆ ನಾಳೆಯಿಂದ ಬರುವುದು ಬೇಡವೆಂದರು. ಪಾಠಗಳನ್ನೆಲ್ಲ ಅಳಿಸಲು ನನಗೆ ಹೇಳಿದರು, ಅಳಿಸಿದೆ. ಸಿರುಗುಪ್ಪದ ಮೇಷ್ಟ್ರು ಫೋನು ಮಾಡಿ ಮುಂದಿನ ಸಿಡಿ ಯಾವಾಗ ಎಂದು ಕೇಳಿದಾಗ, ಗೊತ್ತಿಲ್ಲ ಎಂದೆ. ಮುಂದಿನ ವರ್ಷ ನನ್ನ ನೌಕರಿ ಕಾಯಂ ಆಯಿತು.

ಗಣಿ ನಿಂತ ಮೇಲೆ ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಮೇಡಂ ಅವರನ್ನು ದೂರದಿಂದ ಕಂಡೆ. ಕೂದಲು ನೆರೆತಿತ್ತು, ಕೈಯಲ್ಲಿ ಪುಸ್ತಕಗಳ ಚೀಲ. ಹತ್ತಿರ ಹೋದರೆ ಎಲ್ಲಿ "ಚಾಚಾ, ಆರಾಮ ಅದೀರೇನ್ರಿ" ಎಂದು ಕೇಳಿಬಿಡುತ್ತಾರೋ ಎಂಬ ಹೆದರಿಕೆಗೆ ಕಂಬದ ಹಿಂದೆ ಸರಿದೆ. ಅವರ ಬಸ್ಸು ಹೊರಟುಹೋಯಿತು.

ತಪ್ಪಾಯಿತು ಎಂದು ನಾನು ಹೇಳದೇ ಉಳಿದದ್ದು ಅವರಿಗೆ, ನಮ್ಮ ಕಾಲೇಜಿನ ಭೂಗೋಳದ ಮೇಡಂಗೆ.