ಕಾಕನ ಸೋಯಾ, ಚೀನಾದ ಜಗಳ

ಬೀದರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ನನಗೆ, ಜಗತ್ತು ಯಾವ ಕಡೆ ವಾಲುತ್ತಿದೆ ಎಂದು ಹೇಳುವ ಚಟ. ತರಗತಿಯಲ್ಲಿ ಕೇಳುವವರು ಕಡಿಮೆ. ಹಾಗಾಗಿ ಆ ದೀಪಾವಳಿಗೆ ಭಾಲ್ಕಿ ತಾಲ್ಲೂಕಿನ ಮೆಹಕರಕ್ಕೆ, ಕಾಕನ ಮನೆಗೆ ಹೋದಾಗ ನನ್ನ ಬಾಯಿಗೆ ಲಗಾಮಿರಲಿಲ್ಲ. “ಅಮೆರಿಕದ ದರ್ಬಾರು ಮುಗೀತ್ರಿ ಕಾಕಾ. ಸುಂಕದ ಜಗಳದಾಗ ಚೀನಾ ಅವರ ಸೋಯಾ ಬ್ಯಾಡ ಅಂದದ. ಇನ್ನ ನಮ್ಮಂಥವರ ಕಾಲರಿ,” ಎಂದುಬಿಟ್ಟೆ.

ಚೀನಾ ಇನ್ನು ನಮ್ಮ ಸೋಯಾ ಕೊಳ್ಳುತ್ತದೆ, ದರ ಏರುತ್ತದೆ ಎಂದುಕೊಂಡ ಕಾಕ, ಮಾರಲು ಅಡತಿ ಅಂಗಡಿಗೆ ಹೊರಟಿದ್ದ ಟ್ರ್ಯಾಕ್ಟರ್ ನಿಲ್ಲಿಸಿ ಸೋಯಾ ಚೀಲಗಳನ್ನೆಲ್ಲ ಇಳಿಸಿದರು.

ಇಡಲು ಜಾಗವೆಲ್ಲಿ? ಒಳಕೋಣೆಯಲ್ಲಿ ಕಾಕಿ ಮುಂದಿನ ಬಿತ್ತನೆಗೆಂದು ಆರಿಸಿದ ಬೀಜದ ಚೀಲಗಳಿದ್ದವು, ಹಲಗೆಯ ಮೇಲೆ ಒಂದರ ಮೇಲೊಂದು ಎರಡೇ. ಸೋಯಾದ ಸಿಪ್ಪೆ ತೆಳು. ಭಾರ ಬಿದ್ದರೆ ಬೀಜ ಮೊಳೆಯುವುದಿಲ್ಲ. ಇದು ಕಾಕನಿಗೂ ಗೊತ್ತು. ಆದರೂ “ಹದಿನೈದು ದಿನದ ಮಾತು” ಎಂದು ಮಾರುವ ಚೀಲಗಳನ್ನು ಅವುಗಳ ಮೇಲೆಯೇ ತೊಲೆ ಮುಟ್ಟುವಷ್ಟು ಒಟ್ಟಿದರು. “ಬೀಜದ ಜೀವಾ ತೆಗೀಬ್ಯಾಡ್ರಿ!” ಎಂದು ಕಾಕಿ ಕೂಗಾಡಿದರು. ನಾನು ಚಹಾ ಕುಡಿಯುತ್ತ ಜಾಗತಿಕ ಸಮತೋಲನ ವಿವರಿಸುತ್ತಿದ್ದೆ.

ಚೀನಾ ಬ್ರೆಜಿಲಿನ ಸೋಯಾ ಕೊಂಡಿತು. ಬ್ರೆಜಿಲ್ ಕೂಡ ಮೇಲೇಳುತ್ತಿರುವ ಶಕ್ತಿಯೇ. ನನ್ನ ಪಾಠ ತಪ್ಪಿರಲಿಲ್ಲ, ಅದರಲ್ಲಿ ಮೆಹಕರ ಇರಲಿಲ್ಲ ಅಷ್ಟೆ. ಕಾಕ ಮಾತ್ರ ಬಿಡದೆ ಫೋನ್ ಮಾಡುತ್ತಿದ್ದರು: “ಜಗಳ ಇನ್ನಾ ಜೋರದ ಇಲ್ಲೋ, ತಮ್ಮಾ?” ಜೋರಾಗಿದೆ ಎಂದರೆ ಅವರಿಗೆ ಎಂಥ ಖುಷಿ! ಬೇಸಿಗೆಯಲ್ಲಿ ಅಮೆರಿಕ, ಚೀನಾ ಎರಡೂ ದೇಶದ ದೊಡ್ಡವರು ಟಿವಿಯಲ್ಲಿ ನಗುತ್ತ ಕೈ ಕುಲುಕಿದರು. “ಥೂ, ಮಾನಗೆಟ್ಟವರು! ಆರು ತಿಂಗಳು ಜಗಳಾ ಮಾಡ್ಲಿಕ್ಕೂ ಬರಲ್ಲ,” ಎಂದು ಕಾಕ ಟಿವಿಗೇ ಬೈದರು. ಆಮೇಲೆ ಸಿಕ್ಕ ದರಕ್ಕೆ ಚೀಲ ಮಾರಿದರು. ಅಡಿಯಲ್ಲಿದ್ದ ಬೀಜ ಉಳಿಯಿತು.

ಜೂನಿನಲ್ಲಿ, ಬಿತ್ತನೆಗೆ ಕಾಯುವ ಮಿರಗದ ಮಳೆ ಬಿದ್ದ ವಾರ ನಾನು ಮತ್ತೆ ಹೋಗಿದ್ದೆ. ಮೊಳೆಯುತ್ತದೋ ಇಲ್ಲವೋ ನೋಡಲು ಕಾಕಿ ಒದ್ದೆ ಗೋಣಿತಟ್ಟಿನಲ್ಲಿ ನೂರು ಕಾಳು ಸುತ್ತಿಟ್ಟಿದ್ದರು. ನನ್ನ ಮುಂದೆಯೇ ಬಿಚ್ಚಿದರು. ಮೊಳೆತದ್ದು ಹನ್ನೊಂದು. ಉಳಿದವು ಕೊಳೆತು ನಾರುತ್ತಿದ್ದವು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಕಾಕ ಗೋಣಿತಟ್ಟಿನ ಕಡೆ ನೋಡಲೇ ಇಲ್ಲ. “ಈ ಸಲ ಬ್ರೆಜಿಲ್‌ದಾಗ ಮಳಿ ಹ್ಯಾಂಗದಂತ, ತಮ್ಮಾ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಕಾಕಿ ಆ ಗೋಣಿತಟ್ಟನ್ನು ತಂದು ನನ್ನ ತೊಡೆಯ ಮೇಲಿಟ್ಟರು.

“ನಮ್ಮ ಹೊಲದಾಗ ಮಳಿ ಆಗ್ಯಾದ. ಏನು ಬಿತ್ತಬೇಕು, ನೀನೇ ಹೇಳಪಾ.”