ಡ್ರಮ್ಮರನ ಹಣೆಯ ಅಂಗಾರ

ಹಳೆಯ ರಟ್ಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ. ಶೀನು ಮಾಮ ತೀರಿಕೊಂಡು ವರ್ಷವಾದ ಮೇಲೆ, ಕಳೆದ ತಿಂಗಳು, ಅತ್ತೆ ಅವನ ರೆಕಾರ್ಡುಗಳ ಪೆಟ್ಟಿಗೆಯನ್ನು ನನಗೆ ಕೊಟ್ಟರು. ಮುಚ್ಚಳ ತೆಗೆದೆ, ನುಸಿಗುಳಿಗೆಯ ಘಾಟಿನ ಜೊತೆ ಬಸವನಗುಡಿಯ ತಾತನ ಮನೆಯೇ ಎದ್ದು ಬಂತು. ಕೆಂಪು ಗಾರೆಯ ತಣ್ಣನೆ ನೆಲ, ಅಜ್ಜಿ ಕರಿಯುತ್ತಿದ್ದ ಕೋಡುಬಳೆ, ನಡುಮನೆಯಲ್ಲಿ ಮಾಮ, ಅವನ ಮೂವರು ಗೆಳೆಯರು. ಈಗ ಅಲ್ಲಿ ನಾಲ್ಕಂತಸ್ತಿನ ಫ್ಲ್ಯಾಟುಗಳಿವೆ. ಭಾನುವಾರ ಬೆಳಿಗ್ಗೆ ಸೇರುತ್ತಿದ್ದ ಈ ನಾಲ್ವರು ಹಾಡು ಕೇಳುವುದಕ್ಕಿಂತ ರೆಕಾರ್ಡಿನ ಕವರು ನೋಡುವುದೇ ಹೆಚ್ಚು. ಇಂಗ್ಲಿಷ್ ರಾಕ್ ಬ್ಯಾಂಡುಗಳು ತಮ್ಮ ಗುಟ್ಟನ್ನೆಲ್ಲ ಕವರಿನ ಚಿತ್ರದಲ್ಲಿ ಬಚ್ಚಿಡುತ್ತವೆ ಎಂಬುದು ಅವರ ನಂಬಿಕೆ. ತಾತ ಪಂಚಾಂಗ ಓದುವ ಭೂತಗನ್ನಡಿ ಹಿಡಿದು, ಯಾರ ಶೂ ಲೇಸು ಬಿಚ್ಚಿದೆ, ಯಾರ ನೆರಳು ಕಾಣೆಯಾಗಿದೆ ಎಂದು ಗಂಟೆಗಟ್ಟಲೆ ಹುಡುಕುತ್ತಿದ್ದರು. ನಾನು ಬಗ್ಗಿದರೆ ಸಾಕು, "ಪುಟ್ಟಿ, ದೂರ ಕೂತ್ಕೋ. ಕೈಯೆಲ್ಲ ಎಣ್ಣೆ ನಿಂದು" ಎನ್ನುತ್ತಿದ್ದ ಮಾಮ.

ಒಂಬತ್ತು ವರ್ಷದ ನನಗೆ ಅದು ಉರಿಯಿತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ತಾತನ ಪೆನ್ನು ತಂದು, ಮಾಮನ ಅಚ್ಚುಮೆಚ್ಚಿನ ಕವರಿನಲ್ಲಿ ಸಮುದ್ರದ ದಂಡೆಯಲ್ಲಿ ನಿಂತಿದ್ದ ಡ್ರಮ್ಮರನ ಹಣೆಯ ಮೇಲೆ ಸಣ್ಣದೊಂದು ಕಪ್ಪು ಗೆರೆ ಎಳೆದೆ. ಪೂಜೆ ಮುಗಿಸಿ ತಾತ ದಿನಾ ಹಣೆಗೆ ಇಟ್ಟುಕೊಳ್ಳುತ್ತಿದ್ದ ಮಾಧ್ವರ ಅಂಗಾರದ ಹಾಗೇ ಇತ್ತು. ಭಾನುವಾರ ನಾನೇ ಅದನ್ನು "ಕಂಡುಹಿಡಿದೆ". ಮಾಮ ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದ. ಆಮೇಲೆ ನನ್ನನ್ನು ಎತ್ತಿಕೊಂಡು ಕುಣಿದ. "ಅಂಗಾರ ಕಣ್ರೋ! ಇವ್ನು ಗುಟ್ಟಾಗಿ ಉಡುಪಿಗೆ ಬಂದು ಹೋಗಿದಾನೆ!" ಅಂದಿನಿಂದ ಗೆಳೆಯರ ಪಕ್ಕದಲ್ಲೇ ನನಗೂ ಒಂದು ಚಾಪೆ.

ಮುಂದಿನ ವಾರ ಮಲ್ಲೇಶ್ವರದ ಒಬ್ಬರ ಮನೆಯಲ್ಲಿ ರೆಕಾರ್ಡು ಹುಚ್ಚಿನವರೆಲ್ಲ ಸೇರಿದ್ದರು. ಮಾಮ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ನನ್ನ ಕೈ ಹಿಡಿದುಕೊಂಡು ಹೋಗಿ ಕವರು ತೋರಿಸಿದ. ಮನೆಯವರು ತಮ್ಮ ಬಳಿಯಿದ್ದ ಅದೇ ರೆಕಾರ್ಡಿನ ಕವರನ್ನು ತಂದು ಪಕ್ಕದಲ್ಲಿಟ್ಟರು. ಅದರಲ್ಲಿ ಡ್ರಮ್ಮರನ ಹಣೆ ಬೋಳಾಗಿತ್ತು. ಒಬ್ಬರು ಬೆರಳಿಗೆ ಎಂಜಲು ಹಚ್ಚಿ ಮಾಮನ ಕವರಿನ ಹಣೆ ಉಜ್ಜಿದರು, ಬೆರಳು ಕಪ್ಪಾಯಿತು. "ಏನ್ ಗುರು, ನೀನೇ ಬರ್ಕೊಂಡು ತಂದ್ಯಾ?" ಕೋಣೆಯೇ ನಕ್ಕಿತು. ನಾನು ಬಾದಾಮಿ ಹಾಲಿನ ಲೋಟದೊಳಗೆ ಮುಖ ಹುದುಗಿಸಿದೆ. ಮಾಮ ಒಂದು ಸಲ ನನ್ನ ಕಡೆ ನೋಡಿದ.

"ಹೂಂ, ನಾನೇ ಬರ್ದೆ. ಸುಮ್ನೆ ತಮಾಷೆಗೆ" ಅಂದ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಕೊಟ್ಟ. ಆಮೇಲೆ ಗೆಳೆಯರು ಬರುವುದು ಕಡಿಮೆಯಾಯಿತು, ಬಂದವರು ಅಂಗಾರದ ವಿಷಯವೆತ್ತಿ ಕಾಲೆಳೆಯುತ್ತಿದ್ದರು. ಭೂತಗನ್ನಡಿ ತಾತನ ಪಂಚಾಂಗದ ಮೇಲೆ ವಾಪಸು ಹೋಯಿತು. ಹೇಳಿಬಿಡಬೇಕು ಎಂದು ಪ್ರತಿ ಯುಗಾದಿಗೂ ಅಂದುಕೊಂಡೆ. ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಒಬ್ಬಟ್ಟು ತಿಂದು, ಬಾಯಿ ಒರೆಸಿಕೊಂಡು ಬಂದೆ.

ಮೊನ್ನೆ ಆ ಕವರನ್ನು ಬೆಳಕಿಗೆ ಹಿಡಿದೆ. ಡ್ರಮ್ಮರನ ಹಣೆಯ ಮೇಲೆ ಅಂದು ಉಜ್ಜಿ ಹರಡಿದ ಕಲೆ ಹಾಗೇ ಇದೆ. ಹಿಂದೆ ತಿರುಗಿಸಿದರೆ ಬಿಳಿ ರಟ್ಟಿನ ಅಂಚಿನಲ್ಲಿ, ಅದೇ ಇಂಕಿನಲ್ಲಿ, ಪುಟ್ಟದೊಂದು ಹೆಬ್ಬೆರಳ ಗುರುತು. ನೋಡಲು ಭೂತಗನ್ನಡಿಯೇನೂ ಬೇಕಿರಲಿಲ್ಲ. ಬಿಚ್ಚಿದ ಶೂ ಲೇಸನ್ನೂ ಬಿಡದ ಮಾಮ ಇದನ್ನೂ ಕಂಡೇ ಇರಬೇಕು; ಆದರೂ ಆ ಕವರನ್ನು ಬಗಲಲ್ಲಿಟ್ಟುಕೊಂಡು ನನ್ನನ್ನು ಮಲ್ಲೇಶ್ವರಕ್ಕೆ ಕರೆದುಕೊಂಡು ಹೋಗಿದ್ದ. ಆ ಪುಟ್ಟ ಗುರುತಿನ ಮೇಲೆ ನನ್ನ ಹೆಬ್ಬೆರಳಿಟ್ಟೆ. ಅದು ಪೂರ್ತಿ ಮುಚ್ಚಿಹೋಯಿತು.